ಚಕ್ರ ತಿರುಗುತ್ತಿತ್ತು, ಅಂಕಿ ಬದಲಾಗುತ್ತಿರಲಿಲ್ಲ

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಮೂವತ್ತೆಂಟು ವರ್ಷ ಕ್ಯಾಮೆರಾ ರಿಪೇರಿ ಮಾಡಿದ ನನಗೆ ಫೋಟೊ ತೆಗೆಯಲು ಬರುವುದಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋಗಿ ಒಂದು ಇಡೀ ರೋಲ್ ಮುಗಿಸಿ ಬಂದಿದ್ದೆ. ಗಾಜಿನ ಮನೆ ಸೊಗಸಾಗಿ ಬಂದಿತ್ತು. ಹೆಂಡತಿಗೆ ಮಾತ್ರ ಹಣೆಯಿಂದ ಮೇಲೆ ಏನೂ ಇರಲಿಲ್ಲ. ಇವತ್ತಿಗೂ ಮನೆಗೆ ನೆಂಟರು ಬಂದರೆ ಶಾರದಾ ಆ ಆಲ್ಬಮ್ ಹೊರಗೆ ತೆಗೆದು, "ನೋಡಿ, ಕ್ಯಾಮೆರಾ ಡಾಕ್ಟರ್ ತೆಗೆದಿದ್ದು" ಎಂದು ತೋರಿಸುತ್ತಾಳೆ.

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ನಾನು ಕೂರುತ್ತಿದ್ದ ಮೇಜಿನಲ್ಲಿ ಈಗ ಬೇರೆಯವರು ಕೂತಿದ್ದಾರೆ. ಅವರೇ ದುಂಬಾಲು ಬಿದ್ದು ಇದನ್ನು ಬರೆಸುತ್ತಿರುವುದು. ಬಡ್ತಿ, ಸನ್ಮಾನ ಅಂತ ಬರೆಯೋಣವೆಂದರೆ ನಮ್ಮ ಅಂಗಡಿಯಲ್ಲಿ ಇದ್ದದ್ದೇ ಒಂದು ಮೇಜು, ಎರಡು ಕುರ್ಚಿ. ಬಾಗಿಲ ಕಡೆಯ ಕುರ್ಚಿಯಿಂದ ಫ್ಯಾನಿನ ಕೆಳಗಿನ ಕುರ್ಚಿಗೆ ಹೋದದ್ದೇ ನನ್ನ ಬಡ್ತಿ. ಅದಕ್ಕೂ ಹದಿನಾರು ವರ್ಷ ಬೇಕಾಯಿತು. ಹಾಗಾಗಿ ಅದನ್ನು ಬಿಟ್ಟು, ಒಂದೇ ಒಂದು ದೂರಿನ ಬಗ್ಗೆ ಬರೆಯುತ್ತೇನೆ. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ನಾನು ಅತಿ ಹೆಚ್ಚು ಸಲ ಕೇಳಿದ ದೂರು ಅದು. "ಸಾರ್, ಬೆಳಕು ಅಡ್ಜಸ್ಟ್ ಆಗ್ತಿಲ್ಲ."

ಈ ಬೆಳಕಿನ ವಿಷಯ ನನಗೆ ಕಲಿಸಿದವರು ಅಂಗಡಿಯ ಯಜಮಾನರಾದ ಪದ್ಮನಾಭಯ್ಯನವರು. ಬಿಳಿ ಪಂಚೆ, ತೋಳು ಮಡಚಿದ ಷರ್ಟು, ಒಂದು ಕಣ್ಣಿಗೆ ಸದಾ ಅಂಟಿಕೊಂಡ ಭೂತಗನ್ನಡಿ. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಅವರು ನನ್ನನ್ನು ಹಿತ್ತಿಲ ನಲ್ಲಿಯ ಮುಂದೆ ನಿಲ್ಲಿಸಿದರು.

"ಬೆಳಕು ಅಂದ್ರೆ ಕಾರ್ಪೊರೇಷನ್ ನೀರು ಕಣಯ್ಯಾ. ನಲ್ಲಿ ಎಷ್ಟು ಬಿಟ್ಟಿದ್ದೀಯ, ಎಷ್ಟು ಹೊತ್ತು ಬಿಟ್ಟಿದ್ದೀಯ, ಇಷ್ಟೇ ಲೆಕ್ಕ. ಬಿಂದಿಗೆ ಸರಿಯಾಗಿ ತುಂಬಿದ್ರೆ ಫೋಟೊ. ತುಳುಕಿದ್ರೆ ಎಲ್ಲಾ ಬಿಳಿ. ಅರ್ಧಕ್ಕೇ ನಿಂತ್ರೆ ಎಲ್ಲಾ ಕಪ್ಪು."

ಆಮೇಲೆ ನಾನು ಎಷ್ಟೋ ಪುಸ್ತಕ ಓದಿದೆ, ಎರಡು ಸಲ ತರಬೇತಿಗೂ ಹೋಗಿ ಬಂದೆ. ಅದಕ್ಕಿಂತ ಚೆನ್ನಾಗಿ ಯಾರೂ ಹೇಳಲಿಲ್ಲ. ಲೆನ್ಸಿನ ಕಂಡಿ ಎಷ್ಟು ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ಬದಲಾಯಿಸಲು ಕ್ಯಾಮೆರಾದ ಮೇಲೆ ಬೆರಳಿಗೆ ಸಿಗುವ ಹಾಗೆ ಹಲ್ಲುಹಲ್ಲಿನ ಪುಟ್ಟ ಚಕ್ರ ಇರುತ್ತದೆ. ಅದನ್ನು ತಿರುಗಿಸಿದರೆ ಪರದೆಯ ಮೇಲೆ ಅಂಕಿ ಬದಲಾಗಬೇಕು. ಬದಲಾಗದಿದ್ದರೆ ನಮ್ಮ ಅಂಗಡಿಗೆ ಬರಬೇಕು.

ಪದ್ಮನಾಭಯ್ಯನವರದು ಇನ್ನೊಂದು ಕಟ್ಟುನಿಟ್ಟು ಇತ್ತು. ಹಿಂದೆ ಯಾವನೋ ಒಬ್ಬ ಗಿರಾಕಿ, ಲೆನ್ಸಿಗೆ ಹಾಕಿದ್ದ ಬೆಲೆಬಾಳುವ ಫಿಲ್ಟರನ್ನು ನಾವೇ ಎತ್ತಿಕೊಂಡೆವೆಂದು ಅಂಗಡಿಯ ಮುಂದೆ ರಂಪ ಮಾಡಿದ್ದನಂತೆ. ಅವತ್ತಿನಿಂದ, ಲೆನ್ಸು, ಪಟ್ಟಿ, ಮುಚ್ಚಳ, ಕಾರ್ಡು ಎಲ್ಲ ಬಿಚ್ಚಿ ಗಿರಾಕಿಯ ಕೈಗೇ ಕೊಟ್ಟು, ಬರೀ ಬಾಡಿಯನ್ನಷ್ಟೇ ಒಳಗೆ ತೆಗೆದುಕೊಳ್ಳಬೇಕು. "ಬತ್ತಲೆ ಮಾಡಿ ಒಳಗೆ ತಗೋ" ಎನ್ನುತ್ತಿದ್ದರು. ಪರೀಕ್ಷೆ ಮಾಡಲು ಅಂಗಡಿಯದೇ ಲೆನ್ಸು ಇತ್ತು. ಒಳ್ಳೆಯ ನಿಯಮ. ಅವರು ಹೋದ ಮೇಲೂ ನಾನು ಅದನ್ನು ಮಂತ್ರದಂತೆ ಪಾಲಿಸಿದೆ. ಈ ನಿಯಮವನ್ನು ಓದುವವರು ಸ್ವಲ್ಪ ನೆನಪಿಟ್ಟುಕೊಂಡಿರಿ.

ಫಿಲ್ಮಿನ ಕಾಲದಲ್ಲಿ ರಿಪೇರಿ ಕಿವಿಯ ಕೆಲಸವಾಗಿತ್ತು. ಷಟರ್ ಹೊಡೆದ ಸದ್ದು ಕೇಳಿಯೇ ಯಾವ ಸ್ಪ್ರಿಂಗ್ ಸೋತಿದೆ ಎಂದು ಹೇಳುತ್ತಿದ್ದೆವು. ಡಿಜಿಟಲ್ ಬಂದಾಗ ನಾನು ಒಂದು ವರ್ಷ ಬೇಜಾರು ಮಾಡಿಕೊಂಡು ಕೂತಿದ್ದೆ. ಸ್ಕ್ರೂ ಬಿಚ್ಚಿ ರಿಪೇರಿ ಮಾಡುವುದನ್ನು ಬಿಟ್ಟು ಮೆನು ಓದಿ ರಿಪೇರಿ ಮಾಡುವುದು ಯಾವ ಗಂಡಸಿನ ಕೆಲಸ ಎಂದು ಶಾರದಾಳ ಮುಂದೆ ಕೂಗಾಡಿದ್ದೂ ಉಂಟು. ಅವಳು, "ಅಡುಗೆ ಪುಸ್ತಕ ಓದಿ ನಾನು ಮಾಡಲ್ವಾ, ಓದ್ಕೊಳ್ಳಿ" ಎಂದಳು. ಓದಿಕೊಂಡೆ.

ಓದಿಕೊಂಡ ಮೇಲೆ ಗೊತ್ತಾದದ್ದು ಏನೆಂದರೆ, ಬೆಳಕು ಅಡ್ಜಸ್ಟ್ ಆಗುತ್ತಿಲ್ಲ ಎಂದು ಬರುವ ಕ್ಯಾಮೆರಾಗಳಲ್ಲಿ ಬಹಳಷ್ಟಕ್ಕೆ ಯಾವ ಕಾಯಿಲೆಯೂ ಇರುವುದಿಲ್ಲ. ಏಳನೇ ಬ್ಲಾಕಿನಿಂದ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಬರುತ್ತಿದ್ದರು. ನಿವೃತ್ತಿಯಾದ ತಿಂಗಳೇ ದೊಡ್ಡ ಕ್ಯಾಮೆರಾ ಕೊಂಡು, ದಿನಾ ಬೆಳಗ್ಗೆ ಪಾರ್ಕಿನಲ್ಲಿ ಗುಬ್ಬಚ್ಚಿಯಿಂದ ಹಿಡಿದು ವಾಕಿಂಗ್ ಬಂದವರ ನಾಯಿಯವರೆಗೆ ಎಲ್ಲವನ್ನೂ ತೆಗೆಯುತ್ತಿದ್ದರು. ಅವರ ದೂರು ಅದೇ, ಚಕ್ರ ತಿರುಗಿಸಿದರೂ ಏನೂ ಆಗುವುದಿಲ್ಲ. ನೋಡಿದರೆ ಮೇಲಿನ ಡಯಲ್ ಹಸಿರು ಚೌಕದ ಮೇಲೆ ಕೂತಿದೆ, ಅಂದರೆ ಪೂರ್ತಿ ಆಟೊ.

"ಸಾರ್, ಡ್ರೈವರ್ ಇಟ್ಕೊಂಡಿದೀರಿ. ಸ್ಟೀರಿಂಗೂ ನಾನೇ ಹಿಡೀತೀನಿ ಅಂದ್ರೆ ಅವನು ಬಿಡ್ತಾನಾ?" ಎಂದೆ.

ಅವರ ಮುಖ ಸಣ್ಣಗಾಯಿತು. ಪಕ್ಕದಲ್ಲಿ ಅವರ ಹೆಂಡತಿ ಬೇರೆ ನಿಂತಿದ್ದರು. ಎಷ್ಟೋ ಶಾಖೆ ಆಳಿದ ಮನುಷ್ಯ. ಮುಂದಿನ ವಾರ ಅದೇ ದೂರು ಹಿಡಿದುಕೊಂಡು ಮತ್ತೆ ಬಂದಾಗ ನಾನು ಒಳಗೆ ಹೋಗಿ, ಡಯಲ್ ತಿರುಗಿಸಿ, ಎರಡು ನಿಮಿಷ ಸುಮ್ಮನೆ ಕೂತು ಹೊರಗೆ ಬಂದು, "ಸ್ವಲ್ಪ ಧೂಳಿತ್ತು ಸಾರ್, ಸರಿ ಮಾಡಿದೀನಿ. ಡಯಲ್ ಇಲ್ಲೇ ಇರಲಿ, ಮುಟ್ಟಬೇಡಿ" ಎಂದೆ. ಹೆಂಡತಿಯ ಕಡೆ ತಿರುಗಿ "ನಾನು ಹೇಳ್ಲಿಲ್ವಾ" ಎಂದು ಹೇಳುತ್ತಾ ಅವರು ಹೊರಟುಹೋದರು. ಆಮೇಲೆ ಎಷ್ಟೋ ಗಿರಾಕಿಗಳನ್ನು ಅವರೇ ಕಳಿಸಿಕೊಟ್ಟರು.

ಆಯುಧಪೂಜೆಯ ಮುಂದಿನ ವಾರದ ಕಥೆಯೇ ಬೇರೆ. ಊರಿನ ಸ್ಟುಡಿಯೊದವರೆಲ್ಲ ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು, ಗಂಧ ಹಚ್ಚಿ, ಕುಂಕುಮ ಇಟ್ಟು, ಹೂವು ಮುಡಿಸಿ ಪೂಜೆ ಮಾಡುತ್ತಾರೆ. ಕುಂಕುಮ ಇಡಲು ಅವರಿಗೆ ಕ್ಯಾಮೆರಾದ ಹಣೆ ಎಲ್ಲಿ ಕಾಣಿಸುತ್ತದೋ, ಸರಿಯಾಗಿ ಆ ಚಕ್ರದ ಮೇಲೆಯೇ ಇಡುತ್ತಾರೆ. ಪುಡಿ ಒಳಗಿಳಿಯುತ್ತದೆ, ಗಂಧ ಒಣಗಿ ಸಿಮೆಂಟಾಗುತ್ತದೆ. ವಿಜಯದಶಮಿ ಕಳೆದು ಅಂಗಡಿ ತೆರೆದರೆ ಬಾಗಿಲಲ್ಲೇ ನಾಲ್ಕು ಜನ. "ಸತ್ಯಣ್ಣ, ಚಕ್ರ ಸ್ಟ್ರಕ್ ಆಗಿದೆ." ಎಲ್ಲರಿಗೂ ಬೈಯುತ್ತಿದ್ದೆ. ಬೈದು, ಬ್ರಷ್ಷಿನಲ್ಲಿ ಕುಂಕುಮ ತೆಗೆದು, ಅದನ್ನು ಕಸಕ್ಕೆ ಹಾಕದೆ ಒಂದು ಕಾಗದಕ್ಕೆ ಸುರಿದು ತುಳಸಿ ಗಿಡದ ಬುಡಕ್ಕೆ ಹಾಕುತ್ತಿದ್ದೆ. ದೇವರ ವಿಷಯದಲ್ಲಿ ಜಗಳ ಬೇಡ.

ಹೀಗೆ ಊರಿಗೆಲ್ಲ ಬೈಯುತ್ತಿದ್ದವನು ಒಂದು ವರ್ಷ ಏನು ಮಾಡಿದೆ ಗೊತ್ತೇ? ನಮ್ಮ ಹತ್ತಿರ ಒಂದು ಬೆಳಕಿನ ಪೆಟ್ಟಿಗೆ ಇತ್ತು. ಅದರ ಗಾಜಿನಿಂದ ಇಂತಿಷ್ಟೇ ಬೆಳಕು ಬರುತ್ತದೆ ಎಂಬ ಲೆಕ್ಕದ ಮೇಲೆ ಕ್ಯಾಮೆರಾಗಳನ್ನು ತೂಗಿ ನೋಡುತ್ತಿದ್ದೆವು. ಭಕ್ತಿ ಉಕ್ಕಿ ಬಂದು ಆ ಗಾಜಿನ ನಟ್ಟನಡುವೆ ಮೂರು ಬೆರಳು ಗಂಧ ಎಳೆದುಬಿಟ್ಟೆ. ಒಣಗಿದ ಮೇಲೆ ಕಾಣಿಸಲೂ ಇಲ್ಲ. ಆ ವಾರ ಬಂದ ಆರು ಕ್ಯಾಮೆರಾಗಳೂ ಬೆಳಕು ಕಡಿಮೆ ತೋರಿಸಿದವು. ಆರನ್ನೂ ನಾನು ಶ್ರದ್ಧೆಯಿಂದ ಕೆಡಿಸಿ ಕಳಿಸಿದೆ. ಆರೂ ವಾಪಸ್ಸು ಬಂದವು, ಫೋಟೊಗಳೆಲ್ಲ ಸುಣ್ಣ ಬಳಿದ ಹಾಗೆ. ಪದ್ಮನಾಭಯ್ಯನವರು ಭೂತಗನ್ನಡಿ ತೆಗೆದು ಗಾಜನ್ನು ನೋಡಿದರು, ನನ್ನನ್ನು ನೋಡಿದರು, ಪಂಚೆಯ ತುದಿಯಿಂದ ಗಾಜು ಒರೆಸಿದರು.

"ಸತ್ಯ, ಆರು ಜನ ಒಂದೇ ಮಾತು ಹೇಳಿದ್ರೆ ತಪ್ಪು ಆರು ಜನದ್ದಲ್ಲ. ಅಳತೆ ಕೋಲು ನೋಡ್ಕೊ" ಎಂದರು. ಅಷ್ಟೇ. ಅದಕ್ಕಿಂತ ಎರಡೇಟು ಹೊಡೆದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಆ ಮಾತನ್ನು ನಾನು ನೆನಪಿಟ್ಟುಕೊಂಡಿದ್ದೇನೆ ಎಂದೇ ಬಹಳ ವರ್ಷ ತಿಳಿದಿದ್ದೆ.

ಕಾಲ ಕಳೆಯಿತು, ಪದ್ಮನಾಭಯ್ಯನವರು ತೀರಿಕೊಂಡರು, ಫ್ಯಾನಿನ ಕೆಳಗಿನ ಕುರ್ಚಿ ನನ್ನದಾಯಿತು. ನನಗೆ ಎಲ್ಲ ಬಾಯಿಪಾಠ. ಡಯಲ್ ಆಟೊದಲ್ಲಿದೆಯೇ ನೋಡು. ಚಕ್ರಕ್ಕೆ ಲಾಕ್ ಗುಂಡಿ ಹಾಕಿದ್ದಾರೆಯೇ ನೋಡು. ಹಳೆಯ ಲೆನ್ಸಾದರೆ ಅದರ ಬಳೆ ಕೊನೆಯ ಅಂಕಿಗೆ ತಿರುಗಿದೆಯೇ ನೋಡು. ಫ್ಲಾಶ್ ಹಾಕಿದ್ದರೆ ವೇಗ ಒಂದು ಮಟ್ಟಕ್ಕಿಂತ ಮೇಲೆ ಹೋಗುವುದಿಲ್ಲ, ಅದು ಕಾಯಿಲೆಯಲ್ಲ. ಇಷ್ಟೂ ಸರಿಯಾಗಿದ್ದರೆ ಆಮೇಲೆ ಚಕ್ರದ ಕೆಳಗಿನ ಧೂಳು ನೋಡು. ಏನೂ ಸಿಗದಿದ್ದರೆ, ಜಾಬ್ ಕಾರ್ಡಿನಲ್ಲಿ ದುಂಡಗೆ ಬರೆ: "ಪರೀಕ್ಷಿಸಲಾಗಿದೆ. ದೋಷವಿಲ್ಲ. ಬಳಸುವವರ ತಪ್ಪು." ಆ ಕೊನೆಯ ವಾಕ್ಯ ಬರೆಯುವಾಗ ಕೈಗೆ ಒಂದು ಸುಖವಿತ್ತು, ಸುಳ್ಳು ಯಾಕೆ ಹೇಳಲಿ.

ನಾನು ಅಂಗಡಿ ಬಿಡುವುದಕ್ಕೆ ಮೂರು ವರ್ಷ ಮೊದಲು ರೇಣುಕಾ ಬಂದಳು. ಗದಗಿನ ಕಡೆಯ ಹುಡುಗಿ, ಬಿಟಿಎಂನಲ್ಲಿ ಇನ್ನು ಮೂವರ ಜೊತೆ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಳು. ಆಫೀಸಿನಲ್ಲಿ ಫೋನು ಎತ್ತುವ ಕೆಲಸ ಬಿಟ್ಟು, ಜೆಪಿ ನಗರದ ಹರೀಶನ ಸ್ಟುಡಿಯೊದಲ್ಲಿ ಫೋಟೊ ತೆಗೆಯಲು ಸೇರಿದ್ದಳು. ಮದುವೆಮನೆಯಲ್ಲಿ ಗಂಡು ಹುಡುಗರು ಹೋಗಲಾಗದ ಹೆಣ್ಣಿನ ಕೋಣೆಗೆ ಹೋಗಿ ತೆಗೆಯುವವರು ಹರೀಶನಿಗೂ ಬೇಕಾಗಿತ್ತು. ಊರಲ್ಲಿ ಅವಳವ್ವ ಒಂದು ಷರತ್ತು ಹಾಕಿದ್ದರು. ಆರು ತಿಂಗಳು ನೋಡು, ಕೈ ಹತ್ತದಿದ್ದರೆ ಮರುಮಾತಿಲ್ಲದೆ ಆಫೀಸಿನ ಕೆಲಸಕ್ಕೆ ವಾಪಸ್ಸು. ಇದನ್ನೆಲ್ಲ ಅವಳು ಮೊದಲ ದಿನವೇ ಕೌಂಟರಿನ ಮುಂದೆ ನಿಂತು, ನಾನು ಕೇಳದೆಯೇ ಹೇಳಿದಳು. ಕ್ಯಾಮೆರಾವನ್ನು ಟವೆಲಿನಲ್ಲಿ ಸುತ್ತಿ ತಂದಿದ್ದಳು.

"ಸರ, ಈ ಗಾಲಿ ತಿರಗ್ತೈತ್ರಿ, ಆದ್ರ ನಂಬರ್ ಬದಲಾಗವಲ್ದು. ಒಮ್ಮೊಮ್ಮೆ ಆಗ್ತೈತಿ, ಒಮ್ಮೊಮ್ಮೆ ಇಲ್ಲ."

"ಲೆನ್ಸ್ ಬಿಚ್ಕೊಂಡು ಬಾಡಿ ಕೊಡಮ್ಮ" ಎಂದೆ. ಅವಳು ಲೆನ್ಸು ಬಿಚ್ಚಿ, ಜೋಪಾನವಾಗಿ ತನ್ನ ಚೀಲದೊಳಗೆ ಇಟ್ಟುಕೊಂಡಳು. ನಾನು ಅಂಗಡಿಯ ಲೆನ್ಸು ಹಾಕಿ ನೋಡಿದೆ. ಚಕ್ರ ತಿರುಗಿತು, ಅಂಕಿ ಬದಲಾಯಿತು, ಯಾವ ತಕರಾರೂ ಇಲ್ಲ. ಸ್ವಲ್ಪ ಗಾಳಿ ಊದಿ ವಾಪಸ್ಸು ಕೊಟ್ಟೆ.

ಮೂರು ವಾರಕ್ಕೆ ಮತ್ತೆ ಬಂದಳು. ಅರೆಕೆರೆಯಲ್ಲಿ ಒಂದು ನಾಮಕರಣವಂತೆ. ಬಾಗಿಲಲ್ಲಿ ತೆಗೆದದ್ದು ಚೆನ್ನಾಗಿ ಬಂದು, ತೊಟ್ಟಿಲ ಹತ್ತಿರ ಒಳಗೆ ಹೋದರೆ ಎಲ್ಲ ಕಪ್ಪು. ಚಕ್ರ ಎಷ್ಟು ತಿರುಗಿಸಿದರೂ ಅಂಕಿ ಜಗ್ಗಲಿಲ್ಲವಂತೆ.

"ಇನ್ನೊಂದ್ರಿ ಸರ, ಅದು ಹಂಗ ನಿಂತಾಗ ಕಣ್ಣಿಟ್ಟು ನೋಡಿದ್ರ ಒಳಗ ಮಬ್ಬ ಕಾಣ್ತೈತ್ರಿ."

ಇದು ಬಹಳ ದೊಡ್ಡ ಸುಳಿವು. ವೈದ್ಯನ ಮುಂದೆ ರೋಗಿಯೇ ರೋಗದ ಹೆಸರು ಹೇಳಿದಷ್ಟು. ನಾನು ಏನು ಹೇಳಿದೆ? "ಒಂದ್ಸಲ ಕಣ್ಣು ತೋರಿಸ್ಕೊಂಡ್ಬಿಡಮ್ಮ" ಎಂದೆ. ಹೇಳಿ, ನನ್ನ ಸಮಾಧಾನಕ್ಕೆ ಮೇಲಿನ ಮುಚ್ಚಳ ಬಿಚ್ಚಿ, ಚಕ್ರದ ಬಿಡಿಭಾಗವನ್ನೇ ಹೊಸದು ಹಾಕಿದೆ. ಅಂಗಡಿಯ ಲೆನ್ಸು ಹಾಕಿ ಪರೀಕ್ಷಿಸಿದೆ. ಬೆಣ್ಣೆಯಂತೆ ತಿರುಗಿತು.

ಮೂರನೇ ಸಲ ಅವಳ ಜೊತೆ ಹರೀಶನೂ ಬಂದ. ಗುರುವಾರ ಮಧ್ಯಾಹ್ನ, ಊಟದ ಹೊತ್ತಿಗೆ ಸ್ವಲ್ಪ ಮೊದಲು. ಹರೀಶ ಕೆಟ್ಟವನಲ್ಲ, ಆದರೆ ಅವತ್ತು ಕೆಂಡವಾಗಿದ್ದ. ಹುಳಿಮಾವಿನ ಒಂದು ಗೃಹಪ್ರವೇಶದಲ್ಲಿ ಹಾಲು ಉಕ್ಕಿಸಿದ ಫೋಟೊಗಳೆಲ್ಲ ಕಪ್ಪಾಗಿ, ಮನೆಯವರ ಹತ್ತಿರ ಬೈಸಿಕೊಂಡು ಬಂದಿದ್ದ.

"ಸತ್ಯಣ್ಣ, ನೀವು ಒಂದು ಮಾತು ಹೇಳ್ಬಿಡಿ. ಭಾನುವಾರ ಬನಶಂಕರಿ ದೇವಸ್ಥಾನದ ಹಿಂದಿನ ಛತ್ರದಲ್ಲಿ ಮದುವೆ ಇದೆ. ಹತ್ತೂ ಮುಕ್ಕಾಲಿಗೆ ಧಾರೆ. ಮೊದಲನೇ ಸಲ ಈಯಮ್ಮನ್ನೇ ಮೇನ್ ಆಗಿ ನಿಲ್ಲಿಸೋಣ ಅಂತಿದ್ದೆ. ಧಾರೆ ಎರಡನೇ ಸಲ ಮಾಡ್ಸೋಕೆ ಆಗಲ್ಲ. ತಪ್ಪು ಕ್ಯಾಮೆರಾದ್ದಾ, ಇವಳದ್ದಾ?"

ರೇಣುಕಾ ಲೆನ್ಸು ಬಿಚ್ಚಿ, ಬಾಡಿಯನ್ನು ಕೌಂಟರಿನ ಮೇಲೆ ಇಟ್ಟಳು. ನಾನು ಒಳಗೆ ಹೋಗಿ ಹತ್ತು ನಿಮಿಷ ಪರೀಕ್ಷೆ ಮಾಡಿದೆ. ಅದೇ ಲೆನ್ಸು, ಅದೇ ಮೇಜು, ಅದೇ ಫಲ. ಮೂರು ಸಲವೂ ಕ್ಯಾಮೆರಾ ಗಟ್ಟಿಮುಟ್ಟು. ಹೊರಗೆ ಬಂದು, ಇಬ್ಬರ ಮುಂದೆಯೂ ನಗುತ್ತಾ ಹೇಳಿದೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಹರೀಶ್. ಕ್ಯಾಮೆರಾ ಚಿನ್ನದಂಗಿದೆ."

ಕಾರ್ಡಿನ ಮೇಲೆ ದುಂಡಗೆ ಬರೆದೂ ಕೊಟ್ಟೆ. ಹರೀಶ ಅದನ್ನು ಓದಿ ಅವಳ ಕಡೆ ತಿರುಗಿದ. "ಭಾನುವಾರ ನಾನೇ ಹೊಡೀತೀನಿ. ನೀನು ಲೈಟ್ ಹಿಡ್ಕೊಂಡು ನಿಂತ್ಕೋ. ಆಮೇಲೆ ನೋಡೋಣ." ಆಮೇಲೆ ನೋಡೋಣ ಎಂದರೆ ಏನೆಂದು ಮೂವರಿಗೂ ಗೊತ್ತಿತ್ತು. ಅವಳವ್ವ ಕೊಟ್ಟ ಆರು ತಿಂಗಳಿಗೆ ಇನ್ನು ಉಳಿದದ್ದೇ ಎರಡು ವಾರ.

"ನಾ ಸುಳ್ಳ ಹೇಳಾಕತ್ತಿಲ್ರಿ ಸರ" ಎಂದಷ್ಟೇ ಹೇಳಿ ರೇಣುಕಾ ಹೊರಗೆ ಹೋದಳು. ಗಾಜಿನ ಬಾಗಿಲಿನಿಂದ ನನಗೆ ಕಾಣುತ್ತಿತ್ತು. ಫುಟ್‌ಪಾತಿನಲ್ಲಿ ನಿಂತು ಲೆನ್ಸು ಹಾಕಿಕೊಂಡಳು, ಚಕ್ರ ತಿರುಗಿಸಿದಳು. ತಕ್ಷಣ ಓಡಿ ಬಂದು ಬಾಗಿಲು ತಳ್ಳಿದಳು.

"ಸರ, ಈಗ ನೋಡ್ರಿ, ಈಗ ನಿಂತೈತಿ. ಒಂದ್ ನಿಮಿಷ ನೋಡ್ರಿ."

ನಾನು ಡಬ್ಬಿಯ ಮುಚ್ಚಳ ತೆಗೆದಿದ್ದೆ. ಶಾರದಾ ಅವತ್ತು ಹುಳಿಯನ್ನ ಕಳಿಸಿದ್ದಳು. "ಊಟದ ಹೊತ್ತಮ್ಮ, ಆಮೇಲೆ ಬಾ" ಎಂದೆ. ಅವಳು ಆಮೇಲೆ ಬರಲಿಲ್ಲ.

ಭಾನುವಾರ ಬೆಳಗ್ಗೆ ಮನೆಯ ಹತ್ತಿರದ ದರ್ಶಿನಿಯಲ್ಲಿ ಖಾಲಿ ದೋಸೆಗೆ ಕಾಯುತ್ತಾ ಫೋನು ತೆಗೆದೆ. ಶನಿವಾರ ಸಂಜೆ ರೇಣುಕಾಳಿಂದ ಒಂದು ವಿಡಿಯೊ ಬಂದಿತ್ತು. ಒಂದಕ್ಷರ ಬರೆದಿರಲಿಲ್ಲ. ಕೋಣೆಯ ಗೆಳತಿ ಯಾರೋ ಹಿಡಿದಿರಬೇಕು. ಕ್ಯಾಮೆರಾ, ಅದರ ಮೇಲೆ ಅವಳ ಬೆರಳು. ಬೆರಳು ಚಕ್ರವನ್ನು ಮುಂದಕ್ಕೆ ತಿರುಗಿಸುತ್ತದೆ, ಹಿಂದಕ್ಕೆ ತಿರುಗಿಸುತ್ತದೆ. ಅಂಕಿ ಕದಲುವುದಿಲ್ಲ. ಆಮೇಲೆ ಕ್ಯಾಮೆರಾವನ್ನು ನಿಧಾನವಾಗಿ ಸುತ್ತ ತಿರುಗಿಸಿ ತೋರಿಸಿದ್ದಾಳೆ, ಮುಗಿಯಿತು.

ಹುಡುಗಿ ಸುಳ್ಳು ಹೇಳಿರಲಿಲ್ಲ. ದೋಸೆ ಬಂತು, ತಣ್ಣಗಾಯಿತು. ಎರಡು ಸಲ ನೋಡಿದೆ, ಮೂರು ಸಲ ನೋಡಿದೆ, ಕಣ್ಣೆಲ್ಲ ಚಕ್ರದ ಮೇಲೆಯೇ. ನಾಲ್ಕನೇ ಸಲ ಬೇಸರವಾಗಿ ಚಕ್ರ ಬಿಟ್ಟು ಉಳಿದದ್ದನ್ನು ನೋಡಿದೆ. ಲೆನ್ಸಿನ ಬುಡದಲ್ಲಿ, ಬಾಡಿಗೆ ಸೇರುವ ಕಡೆ, ಒಂದು ಕರಿದಾರ ಬಿಗಿಯಾಗಿ ಸುತ್ತಿತ್ತು. ದೃಷ್ಟಿ ತಾಗದಿರಲಿ ಅಂತ ಕಟ್ಟುವ ದಾರ. ಅದರಲ್ಲಿ ಪೋಣಿಸಿದ್ದ ಕಡಲೆಕಾಳಿನಷ್ಟು ಗಾತ್ರದ ತಾಮ್ರದ ತಾಯಿತ, ಲೆನ್ಸಿನ ಪಕ್ಕದ ಒಂದು ಪುಟ್ಟ ಗುಂಡಿಯ ಮೇಲೆ ಸರಿಯಾಗಿ ಸಿಕ್ಕಿಕೊಂಡು ಕೂತಿತ್ತು.

ಆ ಗುಂಡಿ ಇದೆ ಎಂದೇ ಬಹಳ ಜನಕ್ಕೆ ಗೊತ್ತಿಲ್ಲ. ಅದನ್ನು ಒತ್ತಿ ಹಿಡಿದರೆ, ಚಿತ್ರದಲ್ಲಿ ಎಷ್ಟು ದೂರದವರೆಗೆ ಸ್ಪಷ್ಟವಾಗಿ ಬರುತ್ತದೆ ಎಂದು ಮೊದಲೇ ನೋಡಿಕೊಳ್ಳಬಹುದು. ಒತ್ತಿದಾಗ ಲೆನ್ಸಿನ ಕಂಡಿ ಕಿರಿದಾಗುತ್ತದೆ, ಹಾಗಾಗಿ ಒಳಗೆ ಮಬ್ಬಾಗಿ ಕಾಣುತ್ತದೆ. ಬಿಡುವವರೆಗೆ ಚಕ್ರ ತಿರುಗಿಸಿದರೂ ಅಂಕಿ ಬದಲಾಗುವುದಿಲ್ಲ. ಎಲ್ಲವನ್ನೂ ಅವಳು ಬಾಯಿಬಿಟ್ಟು ಹೇಳಿದ್ದಳು. ತಾಯಿತ ಜಾರಿದಾಗ ಸರಿ, ಸಿಕ್ಕಿಕೊಂಡಾಗ ತಪ್ಪು. ಮೂರು ಸಲವೂ ನಾನೇ ಲೆನ್ಸು ಬಿಚ್ಚಿಸಿ, ಅದರ ಜೊತೆಗೆ ರೋಗವನ್ನೂ ಅವಳ ಚೀಲಕ್ಕೆ ವಾಪಸ್ಸು ಕಳಿಸಿದ್ದೆ. ನೆಲ ನಿಜವಾಗಿಯೂ ಡೊಂಕಾಗಿತ್ತು.

ಗಡಿಯಾರ ನೋಡಿದರೆ ಹತ್ತು ಗಂಟೆ. ಹರೀಶನಿಗೆ ಮೂರು ಸಲ ಫೋನು ಮಾಡಿದೆ, ರೇಣುಕಾಳಿಗೂ ಮಾಡಿದೆ, ಇಬ್ಬರೂ ಎತ್ತಲಿಲ್ಲ. ಧಾರೆಯ ಹೊತ್ತಿನಲ್ಲಿ ಯಾವ ಫೋಟೊಗ್ರಾಫರ್ ಫೋನು ಎತ್ತುತ್ತಾನೆ? ದೋಸೆ ಬಿಟ್ಟು ಸ್ಕೂಟರ್ ಹತ್ತಿದೆ. ಉಟ್ಟಿದ್ದು ಮಾಸಲು ಪಂಚೆ, ಮೇಲೆ ಮನೆಯಲ್ಲಿ ಹಾಕುವ ಷರ್ಟು. ಬನಶಂಕರಿ ಬಸ್ ನಿಲ್ದಾಣದ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ದೇವಸ್ಥಾನದ ಹಿಂದಿನ ರಸ್ತೆಯಲ್ಲಿ ಛತ್ರ ಹುಡುಕಿ ಒಳಗೆ ನುಗ್ಗುವಾಗ ಹತ್ತೂವರೆ ದಾಟಿತ್ತು. ಬಾಗಿಲಲ್ಲಿ ಒಬ್ಬ ಹೆಂಗಸು ಪನ್ನೀರು ಚಿಮುಕಿಸಿ, ಕಲ್ಲುಸಕ್ಕರೆ ಕೈಗಿಟ್ಟು, ನನ್ನ ಪಂಚೆಯನ್ನು ಮೇಲಿಂದ ಕೆಳಗೆ ನೋಡಿದರು.

"ಗಂಡಿನ ಕಡೆಯವರಾ, ಹೆಣ್ಣಿನ ಕಡೆಯವರಾ?"

"ಕ್ಯಾಮೆರಾ ಕಡೆಯವನಮ್ಮಾ" ಎಂದು ಹೇಳಿ ಒಳಗೆ ಓಡಿದೆ.

ಮಂಟಪದ ಮೆಟ್ಟಿಲ ಹತ್ತಿರ ಹರೀಶ ಕ್ಯಾಮೆರಾ ಹಿಡಿದು ನಿಂತಿದ್ದ. ಪಕ್ಕದಲ್ಲಿ ರೇಣುಕಾ, ಎರಡೂ ಕೈಯಲ್ಲಿ ಲೈಟಿನ ಕಂಬ ಎತ್ತಿ ಹಿಡಿದಿದ್ದಳು. ಅವಳ ಕ್ಯಾಮೆರಾ ಕೊರಳಲ್ಲಿ ಸುಮ್ಮನೆ ನೇತಾಡುತ್ತಿತ್ತು. ನನ್ನನ್ನು ನೋಡಿ ಮುಖ ಬೇರೆ ಕಡೆ ತಿರುಗಿಸಿದಳು. ನಾನು ಹೋಗಿ, ಅವಳ ಕೊರಳಲ್ಲಿದ್ದ ಕ್ಯಾಮೆರಾ ಹಿಡಿದು, ಆ ತಾಯಿತವನ್ನು ಒಂದೇ ಬೆರಳಿನಿಂದ ಇನ್ನೊಂದು ಪಕ್ಕಕ್ಕೆ ಸರಿಸಿದೆ.

"ಈಗ ತಿರುಗ್ಸಮ್ಮ."

ಕಂಬವನ್ನು ಒಂದು ಕೈಗೆ ಬದಲಿಸಿ ತಿರುಗಿಸಿದಳು. ಅಂಕಿ ಓಡಿತು. ಅವಳು ಚಕ್ರ ನೋಡಿದಳು, ತಾಯಿತ ನೋಡಿದಳು, ನನ್ನನ್ನು ನೋಡಿದಳು. ಕಣ್ಣಲ್ಲಿ ನೀರು ತುಂಬಿತು. ನನಗೆ ನೆಲಕ್ಕೆ ಇಳಿದುಹೋಗೋಣ ಅನ್ನಿಸಿತು.

ಹರೀಶನ ಹತ್ತಿರ ಹೋಗಿ, "ತಪ್ಪು ನಂದು, ಅವಳದ್ದಲ್ಲ" ಎಂದೆ. ನಾಗಸ್ವರ, ಡೋಲಿನ ಗದ್ದಲದಲ್ಲಿ ಅವನಿಗೆ ಕೇಳಿಸಲಿಲ್ಲ. "ಏನ್ ಸತ್ಯಣ್ಣ?" ಎಂದು ಕಿವಿ ಹತ್ತಿರ ತಂದ. ಮತ್ತೆ ಹೇಳಿದೆ, ಮತ್ತೆ ಕೇಳಿಸಲಿಲ್ಲ. ತಪ್ಪನ್ನು ಒಂದು ಸಲ ಒಪ್ಪಿಕೊಳ್ಳುವುದೇ ಕಷ್ಟ. ನಾನು ಮೂರನೇ ಸಲ, ಹೆಣ್ಣಿನ ಸೋದರಮಾವನಿಗೂ ಕೇಳುವಷ್ಟು ಜೋರಾಗಿ ಕಿರುಚಿ ಒಪ್ಪಿಕೊಂಡೆ.

"ತಪ್ಪು ನಂದು ಹರೀಶ್. ಗುಂಡಿ ಒತ್ಕೊಂಡಿತ್ತು. ನಾನು ನೋಡ್ಲಿಲ್ಲ. ಹುಡುಗಿ ಸರಿಯಾಗೇ ಹೇಳಿದ್ಲು."

"ಸತ್ಯಣ್ಣ, ಇನ್ನು ಐದು ನಿಮಿಷಕ್ಕೆ ಧಾರೆ. ಈಗ ಇವಳು ಹೊಡೆದ್ರೆ ಲೈಟ್ ಯಾರು ಹಿಡೀತಾರೆ?"

"ಕೊಡಿಲ್ಲಿ" ಎಂದು ರೇಣುಕಾಳ ಕೈಯಿಂದ ಲೈಟಿನ ಕಂಬ ಕಿತ್ತುಕೊಂಡೆ. ಹರೀಶ ಒಂದು ಕ್ಷಣ ಇಬ್ಬರನ್ನೂ ನೋಡಿದ. ಆಮೇಲೆ ತಾನು ಒಂದು ಮೆಟ್ಟಿಲು ಕೆಳಗಿಳಿದು, ಅಂತರಪಟದ ಎದುರಿನ ಜಾಗ ಅವಳಿಗೆ ಬಿಟ್ಟ. "ನಾನು ಪಕ್ಕದಿಂದ ಹೊಡೀತೀನಿ. ನೀನು ನಿಲ್ಲು ಅಲ್ಲಿ" ಎಂದ.

ಗಟ್ಟಿಮೇಳ ಶುರುವಾಯಿತು. ವಿಡಿಯೊದವರು ಇದ್ದಕ್ಕಿದ್ದಂತೆ ತಮ್ಮ ದೊಡ್ಡ ದೀಪ ಹಾಕಿದರು, ಮಂಟಪವೆಲ್ಲ ಬೆಳ್ಳಗಾಯಿತು. ಅಂತರಪಟ ಕೆಳಗಿಳಿಯುವುದಕ್ಕೆ ಮೊದಲು ರೇಣುಕಾಳ ಹೆಬ್ಬೆರಳು ಚಕ್ರವನ್ನು ಎರಡು ಹಲ್ಲು ತಿರುಗಿಸಿದ್ದನ್ನು ನಾನು ಕಂಡೆ. ನೋಡಿ ತಿರುಗಿಸಲಿಲ್ಲ, ಕೈಗೇ ಗೊತ್ತಿತ್ತು. ಜೀರಿಗೆ ಬೆಲ್ಲ ಹಾರಿತು, ಹೆಣ್ಣು ನಕ್ಕಳು, ರೇಣುಕಾ ಒತ್ತಿದಳು. ಆಲ್ಬಮ್ಮಿನ ಮೊದಲ ಪುಟಕ್ಕೆ ಹರೀಶ ಹಾಕಿದ್ದು ಆ ಫೋಟೊವನ್ನೇ. ಅದರ ಎಡಮೂಲೆಯಲ್ಲಿ ಮಾಸಲು ಪಂಚೆಯ ಒಂದು ತುದಿ ಕಾಣುತ್ತದೆ, ಅದು ನನ್ನದು.

ಊಟದ ಪಂಕ್ತಿಯಲ್ಲಿ ಹರೀಶ ನನ್ನನ್ನೂ ಎಳೆದು ಕೂರಿಸಿದ. ಪಕ್ಕದಲ್ಲಿ ರೇಣುಕಾ. ನಾನು ಮೆಲ್ಲಗೆ, "ಆ ದಾರ ತೆಗೆದುಬಿಡಮ್ಮ" ಎಂದೆ.

"ಅವ್ವ ಕಟ್ಟ್ಯಾಳ್ರಿ ಸರ, ಬಿಚ್ಚೂದಿಲ್ಲ" ಎಂದಳು. ಎಲೆಯ ಮೇಲಿನ ಹೋಳಿಗೆಯಿಂದ ಕಣ್ಣೆತ್ತಲಿಲ್ಲ. ಸರಿ, ದೇವರ ವಿಷಯದಲ್ಲಿ ಜಗಳ ಬೇಡ. ಮರುದಿನ ಅಂಗಡಿಗೆ ಕರೆಸಿ, ಆ ದಾರವನ್ನು ಕೊರಳಪಟ್ಟಿಯ ಬಳೆಗೆ ನಾನೇ ಮೂರು ಗಂಟು ಹಾಕಿ ಕಟ್ಟಿಕೊಟ್ಟೆ. ಅವತ್ತು ಕ್ಯಾಮೆರಾವನ್ನು ಬತ್ತಲೆ ಮಾಡಿಸಲಿಲ್ಲ, ಹೇಗೆ ತಂದಿದ್ದಳೋ ಹಾಗೆಯೇ ಮೇಜಿಗೆ ತೆಗೆದುಕೊಂಡೆ. ಅವಳವ್ವ ಕೊಟ್ಟ ಗಡುವು ಕಳೆದು ಈಗ ಐದು ವರ್ಷವಾಗಿದೆ. ಸುಬ್ರಹ್ಮಣ್ಯಪುರದಲ್ಲಿ ಅವಳದೇ ಸಣ್ಣ ಸ್ಟುಡಿಯೊ ಇದೆ. ಆಯುಧಪೂಜೆಗೆ ನನ್ನನ್ನು ಕರೆಯುತ್ತಾಳೆ, ಕುಂಕುಮವನ್ನು ಮಾತ್ರ ಕ್ಯಾಮೆರಾಗೆ ಬಿಟ್ಟು ಅದರ ಚೀಲಕ್ಕೆ ಇಡುತ್ತಾಳೆ.

ಅವಳು ದಾರ ಕಟ್ಟಿಸಿಕೊಂಡು ಹೋದ ಮೇಲೆ ಅವಳ ಕಾರ್ಡಿನ ಅಂಗಡಿ ಪ್ರತಿಯನ್ನು ತೆಗೆದು, "ಬಳಸುವವರ ತಪ್ಪು" ಎಂಬುದನ್ನು ಹೊಡೆದುಹಾಕಿದೆ. ಆಮೇಲೆ ಸುಮ್ಮನಿರಲಾರದೆ ಅಟ್ಟದ ಮೇಲಿದ್ದ ಹಳೆಯ ಕಾರ್ಡುಗಳ ಪೆಟ್ಟಿಗೆಗಳನ್ನೂ ಇಳಿಸಿದೆ. ನನ್ನದೇ ದುಂಡು ಅಕ್ಷರ. ದೋಷವಿಲ್ಲ, ಬಳಸುವವರ ತಪ್ಪು. ದೋಷವಿಲ್ಲ, ಬಳಸುವವರ ತಪ್ಪು. ಎರಡು ಪೆಟ್ಟಿಗೆ ನೋಡುವಷ್ಟರಲ್ಲಿ ಮುಂದೆ ನೋಡಲು ಧೈರ್ಯ ಬರಲಿಲ್ಲ. ಅಂದಿನಿಂದ ಅಂಗಡಿ ಬಿಡುವ ದಿನದವರೆಗೆ ಕಾರ್ಡಿನ ಮೇಲೆ "ದೋಷ ನನಗೆ ಕಾಣಲಿಲ್ಲ" ಎಂದಷ್ಟೇ ಬರೆದೆ. ಈಗ ನನ್ನ ಮೇಜಿನಲ್ಲಿ ಕೂತಿರುವವರು ಹಾಗೆ ಬರೆದರೆ ಗಿರಾಕಿಗೆ ನಮ್ಮ ಮೇಲೆ ನಂಬಿಕೆ ಹೋಗುತ್ತದೆ ಎನ್ನುತ್ತಾರೆ. ಇರಬಹುದು.

ಆ ಪೆಟ್ಟಿಗೆಗಳಲ್ಲಿದ್ದ ಹೆಸರುಗಳಲ್ಲಿ ಒಂದು ಮುಖವೂ ನನಗೆ ನೆನಪಾಗಲಿಲ್ಲ. ರೇಣುಕಾ ವಿಡಿಯೊ ಕಳಿಸಿದಳು. ಉಳಿದವರು ಸುಮ್ಮನೆ ಕ್ಯಾಮೆರಾ ಎತ್ತಿಕೊಂಡು ಹೋದರು.